ಸೋರುವ ಮಾಳಿಗೆಯ ಪದ

ನಮ್ಮ ನಾರಾವಿಯ ಕಡೆ ಮಳೆಗಾಲದಲ್ಲಿ ಮನೆ ಸೋರುವುದು ಸುದ್ದಿಯೇ ಅಲ್ಲ. ಹಂಚು ಒಡೆದಲ್ಲಿ ಕೆಳಗೊಂದು ಪಾತ್ರೆ ಇಟ್ಟು, ಮಳೆ ಬಿಟ್ಟಾಗ ಮೇಲೆ ಹತ್ತಿ ಬೇರೆ ಹಂಚು ಹಾಕಿದರಾಯಿತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹಂಚಿನ ಇಳಿಜಾರು ಮಾಡು ಕರಾವಳಿಯ ಗುರುತಾಯಿತು. ಶಿಶುನಾಳ ಶರೀಫರ ಸೋರುವ ಮಾಳಿಗೆಯ ತತ್ವಪದ ಕೇಳುವಾಗ ಇಲ್ಲಿಯವರ ಕಣ್ಣಿಗೆ ಕಟ್ಟುವುದು ಇದೇ ಮಾಡು. ಆದರೆ ಶರೀಫರು ಕಂಡ ಮಾಳಿಗೆ ಬೇರೆ.

ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು, ಕಳಸದ ಗೋವಿಂದ ಭಟ್ಟರ ಶಿಷ್ಯರು. ಆ ಸೀಮೆಯ ಮಾಳಿಗೆ ಚಪ್ಪಟೆಯಾದದ್ದು; ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ್ದು. ಮಳೆಗೆ ಮೊದಲು ಮೇಲೆ ಹತ್ತಿ, ಹುಲ್ಲು ಕಿತ್ತು, ಮಣ್ಣು ತುಳಿದು ಗಟ್ಟಿ ಮಾಡಬೇಕು. ಮರೆತರೆ ನೀರು ಮಣ್ಣಿಗಿಳಿದು ಮರವನ್ನೇ ತಿನ್ನುತ್ತದೆ. ಪದದಲ್ಲಿ ಆಗಿರುವುದು ಅದೇ. ತೊಲೆ ಮುರಿದಿದೆ, ಜಂತಿ ಹುಳುಕಾಗಿದೆ, ಮೇಲೆ ಹುಲ್ಲು ಬೆಳೆದಿದೆ. ಹುಬ್ಬೆ ಮಳೆ ಹಿಡಿದಿದೆ, ಕತ್ತಲೆ ಬೇರೆ. ಈಗ ಹತ್ತಲಾರೆ ಎಂದು ಮನೆಯೊಡೆಯ ಹೆಂಡತಿಗೆ ಹೇಳುತ್ತಾನೆ.

ತತ್ವಪದಗಳಲ್ಲಿ ಮನೆಯೆಂದರೆ ದೇಹ. ಒಳಗಿರುವುದು ಆತ್ಮ, ಉರ್ದುವಿನಲ್ಲಿ ಹೇಳುವುದಾದರೆ ರೂಹ್. ಸೋರಿಕೆಗೆ ಶರೀಫರು ಮಳೆಯನ್ನು ದೂರುವುದಿಲ್ಲ, ಅಜ್ಞಾನವನ್ನು ದೂರುತ್ತಾರೆ. ಕೊನೆಗೆ ಶಿಶುನಾಳಧೀಶನ ಮೇಲೆ ಭಾರ ಹಾಕುತ್ತಾರೆ ನಿಜ. ಆದರೆ ಅದಕ್ಕೆ ಮೊದಲು ಮನೆಯ ಒಂದೊಂದು ಮರವನ್ನೂ ಮುಟ್ಟಿ ನೋಡಿದ್ದಾರೆ.

ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದ ಶರೀಫರ ಪದಗಳನ್ನು ಸಿ. ಅಶ್ವತ್ಥ್ (1939–2009) ಕ್ಯಾಸೆಟ್ಟು, ವೇದಿಕೆಗಳ ಮೂಲಕ ಮನೆಮನೆಗೆ ತಲುಪಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅವರದೇ ಸಂಗೀತ. ಭಟ್ಟರ ಶಿಷ್ಯನಾದ ಸಾಹೇಬರ ಪದಗಳು ಹೀಗೆ ಸೌಹಾರ್ದ ಸಭೆಗಳ ಪ್ರಾರ್ಥನಾ ಗೀತೆಗಳೂ ಆದವು. ಇದು ಸಂತೋಷದ ಸಂಗತಿಯೇ.

ಆದರೆ ಸಭೆ ಮುಗಿದ ಮೇಲೂ ನಮ್ಮ ಜಿಲ್ಲೆಯಲ್ಲಿ ಸಂಶಯ, ವದಂತಿಗಳು ತೊಟ್ಟಿಕ್ಕುತ್ತಲೇ ಇರುತ್ತವೆ. ಒಂದು ಗಲಾಟೆಯಾದಾಗ ಒಂದು ಶಾಂತಿ ಸಭೆ ನಡೆಸುವುದು ಒಡೆದ ಹಂಚು ಬದಲಿಸಿದ ಹಾಗೆ. ನಮ್ಮ ಊರುಗಳ ಬದುಕು ಶರೀಫರ ಮಣ್ಣಿನ ಮಾಳಿಗೆಯಂಥದ್ದು. ನೆರೆಯವರ ಮದುವೆಗೆ ಹೋಗುವುದು, ಸಾವಿಗೆ ಹೆಗಲು ಕೊಡುವುದು, ಅಂಗಡಿಯಲ್ಲಿ ಎರಡು ಮಾತಾಡುವುದು—ಈ ತುಳಿತದಿಂದಲೇ ಅದು ಗಟ್ಟಿಯಾಗಬೇಕು. ಮಳೆ ಹಿಡಿದು ಕತ್ತಲಾದ ಮೇಲೆ ಹತ್ತಲು ಹೊರಟರೆ ಕಾಲಿಡಲು ತೊಲೆಯೇ ಇರುವುದಿಲ್ಲ.