ಪಂದ್ಯ ಗೆಲ್ಲಿಸಿದ ಚಂದ್ರ, ದಾರಿ ಹಾಕಿದ ಪ್ರಸನ್ನ: ಕರ್ನಾಟಕದ ಸ್ಪಿನ್ ಬೌಲಿಂಗ್ ಬೆಳೆದ ಬಗೆ

1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಜೋ ಫ್ರೇಜಿಯರ್ ಮುಹಮ್ಮದ್ ಅಲಿಯನ್ನು ಸೋಲಿಸಿದರು. ಮುಂದೆ 1974 ಮತ್ತು 1975ರಲ್ಲಿ ನಡೆದ ಎರಡು ಪಂದ್ಯಗಳಲ್ಲಿ ಅಲಿ ಗೆದ್ದರು. ಒಂದೇ ಕಾಲದ ಇಬ್ಬರು ಬಾಕ್ಸಿಂಗ್ ಚಾಂಪಿಯನ್ನರನ್ನು ತೂಗಿ ನೋಡಲು ಹೊರಟವರಿಗೆ ಹೀಗೆ ಮೂರು ಮುಖಾಮುಖಿಗಳ ಸಾಕ್ಷ್ಯವಾದರೂ ಸಿಗುತ್ತದೆ. ಒಂದೇ ತಂಡಕ್ಕೆ ಆಡಿದ ಇಬ್ಬರು ದಿಗ್ಗಜರ ವಿಚಾರದಲ್ಲಿ ಆ ಅನುಕೂಲ ಇಲ್ಲ. ನ್ಯೂಯಾರ್ಕಿನ ಆ ಪಂದ್ಯ ನಡೆದ ವಾರದಲ್ಲೇ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ಮೊದಲ ಬಾರಿಗೆ ವೆಸ್ಟ್ ಇಂಡೀಸನ್ನು ಟೆಸ್ಟ್‌ನಲ್ಲಿ ಮಣಿಸಿತು. ಆ ತಂಡದಲ್ಲಿ ಎರಪಳ್ಳಿ ಪ್ರಸನ್ನ ಇದ್ದರು. ಭಾಗವತ್ ಚಂದ್ರಶೇಖರ್ ಅವರನ್ನು ಆ ಪ್ರವಾಸಕ್ಕೇ ಆರಿಸಿರಲಿಲ್ಲ. ಐದು ತಿಂಗಳ ನಂತರ ಓವಲ್‌ನಲ್ಲಿ ಇಂಗ್ಲೆಂಡ್ ಸೋತಾಗ ಚಂದ್ರ ನಾಯಕನ ಕೈಯ ಮುಖ್ಯ ಅಸ್ತ್ರ, ಪ್ರಸನ್ನ ಹೊರಗೆ. ಇವರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆ ಕರ್ನಾಟಕದಲ್ಲಿ ಅಂದಿನಿಂದಲೂ ಉಳಿದುಕೊಂಡಿದೆ. ಪಂದ್ಯ ಗೆಲ್ಲಿಸುವ ಶಕ್ತಿಯಲ್ಲಿ ಚಂದ್ರ ಮುಂದು, ಆದರೆ ಈ ನಾಡಿನ ಕ್ರಿಕೆಟ್ಟನ್ನು ಬೆಳೆಸಿದ ಪರಂಪರೆಯ ಲೆಕ್ಕದಲ್ಲಿ ಪ್ರಸನ್ನರ ಪಾಲೇ ಹೆಚ್ಚು ಎಂಬುದು ಈ ಲೇಖನದ ವಾದ.

ಇವರಿಬ್ಬರು ಬರುವ ಮೊದಲೂ ಮೈಸೂರು ರಾಜ್ಯದಲ್ಲಿ ಒಳ್ಳೆಯ ಕ್ರಿಕೆಟ್ ಇತ್ತು. 1941-42ರಲ್ಲೇ ಮೈಸೂರು ತಂಡ ರಣಜಿ ಫೈನಲ್ ತಲುಪಿ ಬಾಂಬೆಗೆ ಸೋತಿತ್ತು. ಬಿ.ಕೆ. ಗರುಡಾಚಾರ್ ಅವರಂಥ ಲೆಗ್ ಸ್ಪಿನ್ ಬಲ್ಲ ಆಲ್‌ರೌಂಡರ್ ಆ ಕಾಲದವರು. ಆಟದ ಬಹುಪಾಲು ನಡೆಯುತ್ತಿದ್ದುದು ಮ್ಯಾಟಿಂಗ್ ವಿಕೆಟ್ ಮೇಲೆ. ಅಲ್ಲಿ ಚೆಂಡು ಪುಟಿದೇಳುತ್ತಿತ್ತು, ತಿರುಗುತ್ತಿತ್ತು. ಆದ್ದರಿಂದ ಸ್ಪಿನ್ನರ್ ಆಗಬಯಸುವ ಹುಡುಗನಿಗೆ ಬೇಗ ಫಲ ಕಾಣುತ್ತಿತ್ತು. ಆದರೆ ಪ್ರತಿಭೆ ಹುಟ್ಟುವುದು ಬೇರೆ, ಅದು ತಲೆಮಾರಿನಿಂದ ತಲೆಮಾರಿಗೆ ದಾಟುವುದು ಬೇರೆ. ಆ ದಾಟುವಿಕೆ ಶುರುವಾದದ್ದು 1960ರ ದಶಕದಲ್ಲಿ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಚಂದ್ರಶೇಖರ್ 1964ರ ಜನವರಿಯಲ್ಲಿ ಬಾಂಬೆಯಲ್ಲಿ ಅದೇ ಇಂಗ್ಲೆಂಡ್ ವಿರುದ್ಧ ಕಣಕ್ಕಿಳಿದರು.

ಪ್ರಸನ್ನರದು ಆಫ್ ಸ್ಪಿನ್, ಅದರ ಜೀವಾಳ ಫ್ಲೈಟ್. ಬ್ಯಾಟ್ಸ್‌ಮನ್ನನ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋದ ಚೆಂಡು ಅವನು ಎಣಿಸಿದ ಜಾಗಕ್ಕಿಂತ ತುಸು ಮೊದಲೇ ಇಳಿಯುತ್ತಿತ್ತು. ಮುನ್ನುಗ್ಗಿದವನು ಚೆಂಡು ಸಿಗದೆ ನಡುದಾರಿಯಲ್ಲಿ ನಿಲ್ಲುತ್ತಿದ್ದ. ಅವರ ಮಟ್ಟಿಗೆ ದಿಕ್ಕಿಗಿಂತ ಉದ್ದ ಮುಖ್ಯ, ಅಂದರೆ ಚೆಂಡು ಎಲ್ಲಿ ನೆಲ ಮುಟ್ಟಬೇಕೆಂಬ ನಿಯಂತ್ರಣ ಮುಖ್ಯ. ಎರಡೇ ಟೆಸ್ಟ್ ಆಡಿ ಎಂಜಿನಿಯರಿಂಗ್ ಓದಿಗೆ ಮರಳಿದ ಅವರು ಮತ್ತೆ ಭಾರತಕ್ಕೆ ಆಡಿದ್ದು 1967ರಲ್ಲಿ. ಆಮೇಲಿನ ಸುಗ್ಗಿ ಬೆರಗು ಹುಟ್ಟಿಸುವಂಥದ್ದು. 1967-68ರ ಪ್ರವಾಸದಲ್ಲಿ ಆಸ್ಟ್ರೇಲಿಯಾದ ನಾಲ್ಕು ಟೆಸ್ಟ್‌ಗಳಲ್ಲಿ 25 ವಿಕೆಟ್, ನ್ಯೂಜಿಲೆಂಡಿನ ನಾಲ್ಕರಲ್ಲಿ 24. ನ್ಯೂಜಿಲೆಂಡ್ ವಿರುದ್ಧದ 3-1ರ ಗೆಲುವು ವಿದೇಶದಲ್ಲಿ ಭಾರತದ ಮೊಟ್ಟಮೊದಲ ಸರಣಿ ಜಯ. 1969-70ರಲ್ಲಿ ತವರಿಗೆ ಬಂದ ಆಸ್ಟ್ರೇಲಿಯಾ ಸರಣಿ ಗೆದ್ದುಕೊಂಡು ಹೋದರೂ ಪ್ರಸನ್ನರಿಗೆ 26 ವಿಕೆಟ್ ಸಿಕ್ಕವು. 20 ಟೆಸ್ಟ್‌ಗಳಲ್ಲಿ 100 ವಿಕೆಟ್ ಪೂರೈಸಿದ ಅವರ ಭಾರತೀಯ ದಾಖಲೆಯನ್ನು ಮುರಿಯಲು 2013ರವರೆಗೆ, ಆರ್. ಅಶ್ವಿನ್ ಬರುವವರೆಗೆ, ಕಾಯಬೇಕಾಯಿತು.

ಚಂದ್ರಶೇಖರ್ ಅವರದು ಯಾವ ಪಾಠಪುಸ್ತಕಕ್ಕೂ ಒಗ್ಗದ ಆಟ. ಬಾಲ್ಯದ ಪೋಲಿಯೊ ಬಲಗೈಯನ್ನು ಸಣಕಲಾಗಿಸಿತ್ತು. ಫೀಲ್ಡಿಂಗ್‌ನಲ್ಲಿ ಎಡಗೈಯಿಂದ ಚೆಂಡೆಸೆಯುತ್ತಿದ್ದ ಅವರು ಬೌಲ್ ಮಾಡುತ್ತಿದ್ದುದು ಆ ಬಲಗೈಯಿಂದಲೇ. ಓಟ ಉದ್ದ, ವೇಗ ಮಧ್ಯಮ ವೇಗಿಗಳ ಹತ್ತಿರದ್ದು. ಸಾಮಾನ್ಯ ಲೆಗ್ ಸ್ಪಿನ್ನರ್‌ಗೆ ಗೂಗ್ಲಿ ಅಪರೂಪದ ಅಸ್ತ್ರವಾದರೆ ಇವರಿಗೆ ಗೂಗ್ಲಿ, ಟಾಪ್ ಸ್ಪಿನ್‌ಗಳೇ ದಿನದ ಕಸುಬು. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಅದು ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವೂ ಹೌದು. 1972-73ರಲ್ಲಿ ತವರಿನಲ್ಲಿ ಇಂಗ್ಲೆಂಡ್ ವಿರುದ್ಧ ಅವರು ಪಡೆದ 35 ವಿಕೆಟ್‌ಗಳನ್ನು ಒಂದೇ ಸರಣಿಯಲ್ಲಿ ಬೇರೆ ಯಾವ ಭಾರತೀಯನೂ ದಾಟಿಲ್ಲ. ಆಸ್ಟ್ರೇಲಿಯಾದಲ್ಲಿ ಭಾರತದ ಮೊದಲ ಜಯವೂ ಅವರ ಕೈಯಿಂದಲೇ ಬಂತು: 1977-78ರ ಮೆಲ್ಬರ್ನ್ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್‌ಗೆ 6 ವಿಕೆಟ್.

ಅಂಕಿಗಳನ್ನು ಮಾತ್ರ ಮುಂದಿಟ್ಟರೆ ತೀರ್ಪು ಚಂದ್ರರ ಕಡೆ ವಾಲುತ್ತದೆ. 58 ಟೆಸ್ಟ್‌ಗಳಲ್ಲಿ 242 ವಿಕೆಟ್, ಸರಾಸರಿ 29.74. ಪ್ರಸನ್ನರದು 49 ಟೆಸ್ಟ್‌ಗಳಲ್ಲಿ 189, ಸರಾಸರಿ 30.38. ಸರಾಸರಿಯ ಅಂತರ ಒಂದು ರನ್ನೂ ಇಲ್ಲ, ಆದರೆ ಆ ಸಾಮೀಪ್ಯದ ಹಿಂದೆ ಎರಡು ಸ್ವಭಾವಗಳು ಅಡಗಿವೆ. ಚಂದ್ರ ಸುಮಾರು 66 ಎಸೆತಕ್ಕೊಂದು ವಿಕೆಟ್ ಪಡೆದರೆ ಪ್ರಸನ್ನರಿಗೆ 76 ಎಸೆತ ಬೇಕಾಗುತ್ತಿತ್ತು. ಪ್ರಸನ್ನ ಓವರಿಗೆ 2.40 ರನ್ ಕೊಟ್ಟರೆ ಚಂದ್ರ 2.70 ಕೊಡುತ್ತಿದ್ದರು. ಭಾರತ ಗೆದ್ದ 14 ಟೆಸ್ಟ್‌ಗಳಲ್ಲಿ ಚಂದ್ರ ಪಡೆದದ್ದು 98 ವಿಕೆಟ್, ಅಂದರೆ ಪಂದ್ಯಕ್ಕೆ ಏಳು. ಅವರ ಕೈ ಕೂಡಿದ ದಿನ ಎದುರಾಳಿಗೆ ಉಳಿಗಾಲವಿರಲಿಲ್ಲ. ಓದಿಗೆ ಹೋದ ವರ್ಷಗಳನ್ನು, 1971ರಲ್ಲಿ ಮತ್ತೊಬ್ಬ ಆಫ್ ಸ್ಪಿನ್ನರ್ ವೆಂಕಟರಾಘವನ್ ಅವರಿಗೆ ಮಣೆ ಹಾಕಿದ್ದರಿಂದ ತಪ್ಪಿದ ಟೆಸ್ಟ್‌ಗಳನ್ನು ಪ್ರಸನ್ನರ ಖಾತೆಗೆ ಕೂಡಿಸಬೇಕೆನ್ನುವವರಿದ್ದಾರೆ. ಅದು ನ್ಯಾಯವಲ್ಲ. ಆಡದ ಪಂದ್ಯದಲ್ಲಿ ವಿಕೆಟ್ ಬೀಳುವುದಿಲ್ಲ. ಮೇಲಾಗಿ ಗಾಯಗೊಂಡು 1967-68ರ ಆಸ್ಟ್ರೇಲಿಯಾ ಪ್ರವಾಸದಿಂದ ಹಿಂದಿರುಗಿದ ಚಂದ್ರರೂ ಮೂರು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ಆಟದಿಂದ ದೂರವಿದ್ದರು. ಬೌಲರ್ ಆಗಿ, ಪಂದ್ಯ ಗೆಲ್ಲಿಸುವವರಾಗಿ, ಚಂದ್ರ ಒಂದು ಕೈ ಮೇಲು ಎಂದು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಆದರೆ ಪರಂಪರೆ ಎಂದರೆ ವಿಕೆಟ್‌ಗಳ ಮೊತ್ತವಲ್ಲ, ಒಬ್ಬನಿಂದ ಮುಂದಿನವರಿಗೆ ದಕ್ಕಿದ್ದೇನು ಎಂಬುದು. ಇಲ್ಲಿ ಪ್ರಸನ್ನರ ನಾಯಕತ್ವ ಎದ್ದು ಕಾಣುತ್ತದೆ. 1958-59ರಿಂದ ಬಾಂಬೆ ಸತತ 15 ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಟ್ಟಿರಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಅದೇ ಋತುವಿನಲ್ಲಿ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನರ ತಂಡ ಬಾಂಬೆಯನ್ನು ತಡೆಯಿತು. ಜಿ.ಆರ್. ವಿಶ್ವನಾಥ್ 162 ರನ್ ಗಳಿಸಿದರು, ಬ್ರಿಜೇಶ್ ಪಟೇಲ್ ಶತಕ ಬಾರಿಸಿದರು, ಸುನಿಲ್ ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು; ಮೊದಲ ಇನಿಂಗ್ಸ್ ಮುನ್ನಡೆಯಿಂದ ಫೈನಲ್ ತಲುಪಿದ ಕರ್ನಾಟಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಚೊಚ್ಚಲ ಟ್ರೋಫಿ ತಂದಿತು. 1977-78ರಲ್ಲಿ ಮತ್ತೆ ಪ್ರಸನ್ನರ ನಾಯಕತ್ವದಲ್ಲೇ ಎರಡನೆಯದು ಬಂತು. ಎಡಗೈ ಸ್ಪಿನ್ನರ್ ಬಿ. ವಿಜಯಕೃಷ್ಣ ಸೇರಿ ಮೂರು ಬಗೆಯ ಸ್ಪಿನ್ ಒಂದೇ ತಂಡದಲ್ಲಿ ಕೂಡಿದ್ದು, ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ ಅದರ ನಡುವೆ ಪಳಗಿದ್ದು ಈ ಅವಧಿಯಲ್ಲೇ. ಈ ಒಗ್ಗೂಡುವಿಕೆಯ ಫಲ 1976ರ ಜನವರಿಯ ಆಕ್ಲೆಂಡ್ ಟೆಸ್ಟ್‌ನಲ್ಲಿ ಕಾಣುತ್ತದೆ: ಮೊದಲ ಇನಿಂಗ್ಸ್‌ನಲ್ಲಿ ಚಂದ್ರರಿಗೆ 6 ವಿಕೆಟ್, ಎರಡನೆಯದರಲ್ಲಿ ಪ್ರಸನ್ನರಿಗೆ 76 ರನ್‌ಗೆ 8, ಸ್ಟಂಪ್ ಹಿಂದೆ ಮೊದಲ ಟೆಸ್ಟ್ ಆಡುತ್ತಿದ್ದ ಕಿರ್ಮಾನಿ. ಗೆಲ್ಲಬಲ್ಲೆವು ಎಂಬ ನಂಬಿಕೆ ಒಮ್ಮೆ ಬೇರೂರಿದ ಮೇಲೆ ನಂತರದವರ ಕೆಲಸ ಹಗುರಾಯಿತು. 1981-82ರ ಸೆಮಿಫೈನಲ್‌ನಲ್ಲಿ ಎ. ರಘುರಾಮ್ ಭಟ್ ಹ್ಯಾಟ್ರಿಕ್ ಪಡೆದು ಬಾಂಬೆಯನ್ನು ಕಂಗೆಡಿಸಿದಾಗ ಗಾವಸ್ಕರ್ ಅವರಂಥವರೇ ಎಡಗೈ ಬ್ಯಾಟಿಂಗ್‌ಗೆ ತಿರುಗಬೇಕಾಯಿತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಅನಿಲ್ ಕುಂಬ್ಳೆ ಅವರನ್ನು ಕುರಿತದ್ದು. ಕರ್ನಾಟಕದ ಸ್ಪಿನ್ ತಲುಪಿದ ತುದಿ ಕುಂಬ್ಳೆ, 132 ಟೆಸ್ಟ್‌ಗಳಲ್ಲಿ 619 ವಿಕೆಟ್, 1999ರಲ್ಲಿ ದೆಹಲಿಯಲ್ಲಿ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್. ಅವರ ವೇಗದ ಲೆಗ್ ಸ್ಪಿನ್‌ನಲ್ಲಿ ಕಾಣುವುದು ಚಂದ್ರರ ಛಾಯೆ, ಪ್ರಸನ್ನರ ಮಾದರಿಯ ಆಫ್ ಸ್ಪಿನ್ನರ್ ಮತ್ತೆ ಈ ರಾಜ್ಯದಿಂದ ಆ ಎತ್ತರಕ್ಕೆ ಏರಲೇ ಇಲ್ಲ ಎಂಬುದು ವಾದ. ಇದರಲ್ಲಿ ನಿಜವಿದೆ. ಚೆಂಡನ್ನು ಹೆಚ್ಚು ತಿರುಗಿಸದ, ಜೋರಾಗಿ ಹಾಕುವ ಹುಡುಗನನ್ನು ತಿದ್ದಲು ಹೋಗಬಾರದೆಂಬ ಧೈರ್ಯವನ್ನು ಚಂದ್ರರ ಉದಾಹರಣೆ ಕೊಟ್ಟಿತು. ಆದರೆ ವೇಗ ಒಂದೇ ಎಂದಾಕ್ಷಣ ಕಸುಬು ಒಂದೇ ಆಗುವುದಿಲ್ಲ. ಚಂದ್ರರ ಬೌಲಿಂಗಿನ ಮೂಲ ಅವರ ಕೈಯ ವಿಶಿಷ್ಟ ರಚನೆ, ಅದನ್ನು ಯಾರಿಗೂ ಕಲಿಸಲಾಗದು. ಕುಂಬ್ಳೆ ಹದಿನೆಂಟು ವರ್ಷ ನಿಂತದ್ದು ಉದ್ದದ ಮೇಲಿನ ಹಿಡಿತದಿಂದ, ಬ್ಯಾಟ್ಸ್‌ಮನ್ನನನ್ನು ಓವರ್ ಮೇಲೆ ಓವರ್ ಓದುವ ತಾಳ್ಮೆಯಿಂದ. ಅದು ಪ್ರಸನ್ನ ಹಾಕಿಕೊಟ್ಟ ಶಿಸ್ತು. ಇನ್ನೊಂದು ಹೋಲಿಕೆಯೂ ಇದೆ. ಎಂಜಿನಿಯರಿಂಗ್‌ಗಾಗಿ ಪ್ರಸನ್ನ ಟೆಸ್ಟ್ ಆಟವನ್ನು ಬಿಟ್ಟು ಮರಳಿದರು. 1990ರಲ್ಲಿ ಮೊದಲ ಟೆಸ್ಟ್ ಆಡಿದ ಕುಂಬ್ಳೆ ಎಂಜಿನಿಯರಿಂಗ್ ಪದವಿ ಮುಗಿಸಿ 1992ರಲ್ಲಿ ಟೆಸ್ಟ್ ತಂಡಕ್ಕೆ ಹಿಂದಿರುಗಿದರು. ಮಗ ಓದನ್ನೂ ಆಟವನ್ನೂ ನಿಭಾಯಿಸಬಹುದು ಎಂದು ಕನ್ನಡದ ಮಧ್ಯಮ ವರ್ಗದ ಮನೆಗಳು ನಂಬಲು ಇಂಥ ಬಾಳುಗಳೇ ಆಧಾರ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪೋಲಿಯೊ ಹಳ್ಳಿಹಳ್ಳಿಯನ್ನು ಕಾಡುತ್ತಿದ್ದ ಕಾಲದಲ್ಲಿ ಸೊರಗಿದ ಕೈಯಿಂದಲೇ ದೇಶವನ್ನು ಗೆಲ್ಲಿಸಿದವರು ಚಂದ್ರ. ಭಾರತ ಪೋಲಿಯೊ ಮುಕ್ತವೆಂದು ಘೋಷಣೆಯಾದದ್ದು 2014ರಲ್ಲಿ. ಆ ಬದುಕು ಕೊಟ್ಟ ಬಲ ಕ್ರಿಕೆಟ್ಟಿನ ಗಡಿಯನ್ನೂ ಮೀರಿದ್ದು, ಅದರ ಮುಂದೆ ಎರಡು ರಣಜಿ ಟ್ರೋಫಿ ಯಾವ ಲೆಕ್ಕ ಎಂದು ಕೇಳಬಹುದು. ಮನುಷ್ಯನ ಹಿರಿಮೆಯ ಪ್ರಶ್ನೆಯಾದರೆ ಇದಕ್ಕೆ ಎದುರು ಮಾತಿಲ್ಲ. ಆದರೆ ನಮ್ಮ ಪ್ರಶ್ನೆ ಒಂದು ಕಲೆ ಹೇಗೆ ಬೆಳೆಯುತ್ತದೆ ಎಂಬುದು. ಕಲೆ ಬೆಳೆಯಲು ಸ್ಫೂರ್ತಿಯ ಜೊತೆಗೆ ಕಲಿಯಬಹುದಾದ ವಿಧಾನ, ಆಡಲು ತಂಡ, ನಂಬಿ ಚೆಂಡು ಕೊಡುವ ನಾಯಕ ಬೇಕು. ಈ ಮೂರೂ ಪ್ರಸನ್ನರಿಂದ ಬಂದವು.

ಒಬ್ಬರು ಬೆಂಗಳೂರಿನವರು, ಇನ್ನೊಬ್ಬರು ಮೈಸೂರಿನವರು. ಎರಡೂ ನಗರಗಳ ನಡುವಿನ ಸೀಮೆ ರಾಮನಗರ, ಚನ್ನಪಟ್ಟಣಗಳದು. ಹೆದ್ದಾರಿಯಿಂದ ಒಳಗೆ ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂಥ ಊರುಗಳಿವೆ. ಈ ಪರಂಪರೆಯ ಮುಂದಿನ ಪರೀಕ್ಷೆ ನಡೆಯಬೇಕಾದದ್ದು ಅಲ್ಲಿ. ಗದಗದ ಸುನಿಲ್ ಜೋಶಿ ದೊಡ್ಡ ನಗರದ ಆಸರೆಯಿಲ್ಲದ ಊರಿನಿಂದ ಬಂದು 15 ಟೆಸ್ಟ್ ಆಡಿ ದಾರಿ ಇದೆ ಎಂದು ತೋರಿಸಿದ್ದಾರೆ. ಟೆನಿಸ್ ಬಾಲ್ ಟೂರ್ನಿಗಳಲ್ಲಿ ಕೈತಿರುಗಿಸುವ ಹುಡುಗನಿಗೆ ಜೋರಾಗಿ ಎಸೆಯುವುದೇ ಲಾಭ. ಫ್ಲೈಟ್ ಕಲಿಯಲು ಲೆದರ್ ಬಾಲ್, ಒಂದು ಒಳ್ಳೆಯ ಪಿಚ್, ಸಿಕ್ಸರ್ ಹೊಡೆಸಿಕೊಂಡರೂ ಮುಂದಿನ ಓವರ್ ಕೊಡುವ ನಾಯಕ ಬೇಕು. ವಿಚಿತ್ರ ಕೈಚಳಕದ ಹುಡುಗ ಸಿಕ್ಕರೆ ಚಂದ್ರರನ್ನು ನೆನೆದು ಅವನನ್ನು ತಿದ್ದದೆ ಬಿಡಬೇಕು. ಆದರೆ ಅಂಥವನಿಗಾಗಿ ಕಾದು ಕೂರುವುದು ಯೋಜನೆಯಾಗಲಾರದು. ಉಳಿದ ನೂರಾರು ಮಕ್ಕಳಿಗೆ ಕಲಿಸಬಹುದಾದದ್ದು ಪ್ರಸನ್ನರ ಆಟ, ಕಟ್ಟಬಹುದಾದದ್ದು ಪ್ರಸನ್ನರಂಥ ತಂಡ. ಅದಕ್ಕಾಗಿಯೇ ಇಬ್ಬರಲ್ಲಿ ಅವರ ಬಳುವಳಿ ದೊಡ್ಡದು.