ಹೊನ್ನಾವರದ ಮುತ್ತಿಗೆ (1783–84)

ಹೊನ್ನಾವರದ ಮುತ್ತಿಗೆಯು ಎರಡನೆಯ ಆಂಗ್ಲೊ–ಮೈಸೂರು ಯುದ್ಧದ (1780–84) ಕೊನೆಯ ಹಂತದಲ್ಲಿ, ಶರಾವತಿ ನದಿಯ ಮುಖದಲ್ಲಿರುವ ಹೊನ್ನಾವರದ ಕೋಟೆಯನ್ನು ಈಸ್ಟ್ ಇಂಡಿಯಾ ಕಂಪನಿಯಿಂದ ಮರಳಿ ಪಡೆಯಲು ಟಿಪ್ಪು ಸುಲ್ತಾನನ ಸೈನ್ಯ ನಡೆಸಿದ ದೀರ್ಘಕಾಲದ ಕಾರ್ಯಾಚರಣೆ.

ಫ್ರಾನ್ಸ್ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ನಿನ ವಿರುದ್ಧ ನಿಂತ ಬಳಿಕ ಕಂಪನಿಯು 1779ರಲ್ಲಿ, ಮೈಸೂರಿಗೆ ಮಿತ್ರರಾಗಿದ್ದ ಫ್ರೆಂಚರ ಮಾಹೆಯನ್ನು ವಶಪಡಿಸಿಕೊಂಡದ್ದು ಈ ಯುದ್ಧದ ಕಾರಣಗಳಲ್ಲಿ ಒಂದು. 1782ರ ಡಿಸೆಂಬರಿನಲ್ಲಿ ಟಿಪ್ಪುವಿನ ತಂದೆ ಹೈದರ್ ಅಲಿ ತೀರಿಕೊಂಡ ಬೆನ್ನಲ್ಲೇ, ಮುಂಬಯಿಯಿಂದ ಬಂದ ಜನರಲ್ ಮ್ಯಾಥ್ಯೂಸ್ 1783ರ ಜನವರಿಯಲ್ಲಿ ಹೊನ್ನಾವರವನ್ನು ಗೆದ್ದು, ಘಟ್ಟವೇರಿ ಬಿದನೂರನ್ನು ಹಿಡಿದನು. ಅದೇ ವರ್ಷ ಟಿಪ್ಪು ಬಿದನೂರನ್ನು ಮರಳಿ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದಾಗ, ಲುತ್ಫ್ ಅಲಿ ಬೇಗನ ನಾಯಕತ್ವದ ಪಡೆ ಹೊನ್ನಾವರವನ್ನು ಸುತ್ತುವರಿಯಿತು. ಕ್ಯಾಪ್ಟನ್ ಟೋರಿಯಾನೊ ಕೋಟೆಯ ರಕ್ಷಣೆಯ ಹೊಣೆ ಹೊತ್ತಿದ್ದನು.

ಯುರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಶಾಂತಿಯಾದ ಸುದ್ದಿ ತಲುಪಿ, ಆಗಸ್ಟ್ ತಿಂಗಳಲ್ಲಿ ಕದನವಿರಾಮ, ಅಂದರೆ ತಾತ್ಕಾಲಿಕ ಯುದ್ಧಸ್ತಂಭನ, ಜಾರಿಗೆ ಬಂದರೂ ದಿಗ್ಬಂಧನ ಸಡಿಲವಾಗದೆ, ಒಳಗಿನವರು ಆಹಾರದ ಕೊರತೆ ಮತ್ತು ರೋಗಗಳಿಂದ ಬಳಲಿದರು. 1784ರ ಜನವರಿ 30ರಂದು ಮಂಗಳೂರು ಶರಣಾದರೂ ಹೊನ್ನಾವರ ಶರಣಾಗಲಿಲ್ಲ. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂತಿರುಗಿಸುವ ಮಂಗಳೂರು ಒಪ್ಪಂದಕ್ಕೆ ಮಾರ್ಚ್ 11ರಂದು ಸಹಿ ಬಿದ್ದ ಮೇಲೆಯೇ ಕೋಟೆ ಮೈಸೂರಿನ ವಶಕ್ಕೆ ಬಂದಿತು.

ಮಂಗಳೂರಿನ ಮುತ್ತಿಗೆ ಯುದ್ಧವನ್ನು ಸಂಧಾನದತ್ತ ತಿರುಗಿಸಿದರೆ, ಹೊನ್ನಾವರದ ಮುತ್ತಿಗೆಯು ಕೆನರಾ ಕರಾವಳಿಯ ಬಂದರುಗಳಿಗೆ ಎರಡೂ ಪಕ್ಷಗಳು ನೀಡಿದ ಮಹತ್ವವನ್ನು ತೋರಿಸುತ್ತದೆ. ಜೇಮ್ಸ್ ಫೋರ್ಬ್ಸ್‌ನ ‘ಓರಿಯಂಟಲ್ ಮೆಮೊಯರ್ಸ್’ ಗ್ರಂಥದಲ್ಲಿ ಇದರ ವಿಸ್ತಾರವಾದ ವಿವರಣೆ ಇದೆ.