ಜೋಜಿಲಾ ದಾಟಿದ ನಲವತ್ತು ಜನ

ದಿಲ್ಲಿಯ ಜನವರಿ ಚಳಿಗೆ ಎರಡೆರಡು ಸ್ವೆಟರ್ ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನಡುಗುವ ನಮಗೂ ಜನರಲ್ ತಿಮ್ಮಯ್ಯನವರ ಹೆಸರು ಕೇಳಿದರೆ ಎದೆ ಬೆಚ್ಚಗಾಗುತ್ತದೆ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಈ ಸೇನಾನಿ 1948ರ ನವೆಂಬರ್ 1ರಂದು ಜೋಜಿಲಾ ಘಾಟಿಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದಕ್ಕೆ ಎಂಟು ತಿಂಗಳು ಮೊದಲೇ, ನಡುಚಳಿಗಾಲದಲ್ಲಿ, ಅದೇ ಘಾಟಿಯನ್ನು ಕಾಲ್ನಡಿಗೆಯಲ್ಲಿ ದಾಟಿದವರನ್ನು ನಾವು ನೆನೆಯುವುದು ಅಪರೂಪ.

ಜೋಜಿಲಾ ಕಾಶ್ಮೀರಕ್ಕೂ ಲಡಾಖಿಗೂ ನಡುವಿನ ಬಾಗಿಲು. ಎತ್ತರ ಸುಮಾರು 11,500 ಅಡಿ. ಹಿಮಾಲಯದಲ್ಲಿ ಇದು ಅಂಥ ದೊಡ್ಡ ಎತ್ತರವಲ್ಲ. ಕಷ್ಟವಿರುವುದು ಹಿಮದಲ್ಲಿ. ಪಶ್ಚಿಮದಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಗಲಿ ಮೇಲೇರಿ ತಣ್ಣಗಾಗಿ, ಹೊತ್ತು ತಂದ ನೀರನ್ನೆಲ್ಲ ಇಲ್ಲಿ ಹಿಮವಾಗಿ ಸುರಿಸುತ್ತದೆ. ಕಡಿದಾದ ಇಳಿಜಾರಿನಲ್ಲಿ ಪದರದ ಮೇಲೆ ಪದರ ಕೂತ ಹಿಮ ಯಾವ ಗಳಿಗೆಯಲ್ಲಾದರೂ ಜಾರಬಹುದು. ಬಿಸಿಲೇರಿದರೆ ಮೇಲಿನ ಹಿಮ ಸಡಿಲವಾಗಿ ಕಾಲು ಸೊಂಟದವರೆಗೆ ಹೂತುಹೋಗುತ್ತದೆ. ರಾತ್ರಿಯ ಚಳಿಗೆ ಅದೇ ಹಿಮ ಗಟ್ಟಿಯಾಗಿ ಹೆಜ್ಜೆಯನ್ನು ತಾಳುತ್ತದೆ. ಹೀಗಾಗಿ ಹಿಮದ ನಾಡಿನವರು ಬೆಳಕು ಹರಿಯುವ ಮೊದಲೇ ದಾರಿ ಸವೆಸುತ್ತಾರೆ.

1948ರ ಫೆಬ್ರವರಿಯಲ್ಲಿ ಸ್ಕರ್ದು ಮುತ್ತಿಗೆಗೆ ಸಿಕ್ಕಿತ್ತು. ಲೇಹದಲ್ಲಿದ್ದದ್ದು ಬೆರಳೆಣಿಕೆಯ ಸೈನಿಕರು. ಮೇ ತಿಂಗಳವರೆಗೆ ಕಾದಿದ್ದರೆ ಕಾಯಲು ಲೇಹವೇ ಉಳಿಯುತ್ತಿತ್ತೋ ಇಲ್ಲವೋ! ಆಗ ಮುಂದೆ ಬಂದವರು ಎರಡನೇ ಡೋಗ್ರಾ ದಳದ ಪೃಥೀಚಂದ್. ಅವರು ಲಾಹೌಲಿನವರು, ಚಳಿಗಾಲವಿಡೀ ರೋಹ್ತಾಂಗ್ ಮುಚ್ಚಿಹೋಗುವ ನಾಡಿನವರಾದ್ದರಿಂದ ಹಿಮದ ಗುಣ ಬಲ್ಲವರು. ಸುಮಾರು ನಲವತ್ತು ಜನ ಸ್ವಯಂಸೇವಕರೊಡನೆ ಫೆಬ್ರವರಿ ನಡುವಿನಲ್ಲಿ ಶ್ರೀನಗರ ಬಿಟ್ಟರು. ಅವರ ಬಂಧು ಖುಷಾಲ್‌ಚಂದ್ ಜೊತೆಗಿದ್ದರು. ಲಡಾಖಿನ ಇಂಜಿನಿಯರ್ ಸೋನಂ ನೋರ್ಬು ಕೂಡ ಈ ತಂಡದಲ್ಲಿದ್ದರು. ಲೇಹದ ಜನರಿಗಾಗಿ ಬಂದೂಕುಗಳನ್ನೂ ಸಾಗಿಸಬೇಕಿತ್ತು. ಸುಮಾರು ಮೂರು ವಾರ ನಡೆದು ಮಾರ್ಚ್ ಎರಡನೇ ವಾರದ ಹೊತ್ತಿಗೆ ಲೇಹದಲ್ಲಿದ್ದರು.

ತಲಪಿದ್ದೇ ತಡ, ಪೃಥೀಚಂದ್ ಊರಿನ ಯುವಕರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದರು. ನೋರ್ಬು ಸ್ಥಳೀಯರ ದುಡಿಮೆಯಿಂದಲೇ ಸಿಂಧೂ ತೀರದಲ್ಲಿ ವಿಮಾನ ಇಳಿಯುವಷ್ಟು ನೆಲ ಸಮಮಾಡಿಸಿದರು. ಮೇ 24ರಂದು ಏರ್ ಕಮಡೋರ್ ಮೆಹರ್‌ಸಿಂಗ್ ಅಲ್ಲಿ ಡಕೋಟಾ ಇಳಿಸಿದರು. ಅದರಲ್ಲಿದ್ದ ಪ್ರಯಾಣಿಕರು ನಮ್ಮ ತಿಮ್ಮಯ್ಯನವರೇ! ಈ ನಡುವೆ ದ್ರಾಸ್, ಕಾರ್ಗಿಲ್ ಕೈಬಿಟ್ಟು ಭೂಮಾರ್ಗ ಕಡಿದುಹೋಯಿತು. ಲೇಹ ಉಳಿದುಕೊಂಡದ್ದು ಆ ಮಣ್ಣಿನ ಪಟ್ಟಿಯ ಮೇಲೆ ಇಳಿದ ಸೈನಿಕರಿಂದ. ನವೆಂಬರಿನಲ್ಲಿ ಟ್ಯಾಂಕುಗಳು ದಾರಿ ತೆರೆದಾಗ ಆಚೆ ಬದಿಯಲ್ಲಿ ಲೇಹ ನಮ್ಮದಾಗಿಯೇ ಇತ್ತು.

ಪೃಥೀಚಂದ್, ಖುಷಾಲ್‌ಚಂದ್ ಇಬ್ಬರಿಗೂ ಮಹಾವೀರ ಚಕ್ರ ದೊರೆಯಿತು. 2020ರಲ್ಲಿ ಜೋಜಿಲಾದ ಕೆಳಗೆ ಸುರಂಗ ಕೊರೆಯುವ ಕೆಲಸ ಆರಂಭವಾಯಿತು. ದಾರಿ ಸುಲಭವಾದಷ್ಟೂ ಅದನ್ನು ಮೊದಲು ತುಳಿದವರು ಮರೆಯಾಗುವುದು ಲೋಕರೂಢಿ. ಟ್ಯಾಂಕಿನ ಸದ್ದು ದೂರ ಕೇಳಿಸುತ್ತದೆ, ಹಿಮದ ಮೇಲಿನ ಹೆಜ್ಜೆಯ ಸದ್ದು ಕೇಳಿಸುವುದಿಲ್ಲ. ನಮ್ಮ ಸಭೆಗಳಲ್ಲಿ ಇನ್ನು ಮೇಲೆ ಕೊಡಗಿನ ತಿಮ್ಮಯ್ಯನವರನ್ನು ಸ್ಮರಿಸುವಾಗ ಲಾಹೌಲಿನ ಪೃಥೀಚಂದರನ್ನೂ ಲಡಾಖಿನ ನೋರ್ಬು ಅವರನ್ನೂ ಒಂದೇ ಉಸಿರಿನಲ್ಲಿ ಹೇಳೋಣ. ಅದರಿಂದ ನಮ್ಮ ಜನರಲ್ಲರ ಕೀರ್ತಿಗೆ ಕುಂದೇನೂ ಬಾರದು.